ಹಿಂದಕ್ಕೆ ತಿರುಗಿದ ನೀರು

ಇದನ್ನು ಬರೆಯಲು ಕುಳಿತು ಎದ್ದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ನಿವೃತ್ತಿಯಾದ ವರ್ಷವೇ ಬರೆಯುತ್ತೇನೆ ಎಂದುಕೊಂಡಿದ್ದೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಎಂದೆ. ಪೊರೆ ತೆಗೆಸಿದ ಮೇಲೆ ಹಿಂಗಾರಿ ಬಿತ್ತನೆ ಮುಗಿಯಲಿ ಎಂದೆ. ಬಿತ್ತನೆ ಮುಗಿಯಿತು, ಕಡಲೆ ಕಿತ್ತದ್ದೂ ಆಯಿತು. ಒಂದು ದಿನ ನನ್ನ ಹೆಂಡತಿ, "ದಿನಾ ವಹಿ ತಗೀತೀರಿ, ದಿನಾ ಮುಚ್ಚಿಡ್ತೀರಿ. ಅದರಾಗೇನು ಹಾವು ಐತೇನ್ರಿ?" ಎಂದು ಕೇಳಿದಳು. ಇದೆ ಎಂದು ಹೇಳಬೇಕಾಗಿತ್ತು. ನಕ್ಕು ವಹಿ ಮುಚ್ಚಿಟ್ಟೆ.

ನನ್ನೂರು ಸೂಡಿ. ಓದಿದ್ದು ಹತ್ತನೇ ಇಯತ್ತೆ. ರೋಣದ ಹೊರಗೆ, ಕಪ್ಪು ಎರಿಭೂಮಿಯ ನಡುವೆ ಕಟ್ಟಿದ್ದ ಒಂದು ಪಾಲಿಟೆಕ್ನಿಕ್ ಕಾಲೇಜಿನಲ್ಲಿ ಪ್ರಯೋಗಾಲಯದ ಅಟೆಂಡರ್ ಆಗಿ ಸೇರಿ ಅಲ್ಲಿಯೇ ತಲೆ ಬೆಳ್ಳಗೆ ಮಾಡಿಕೊಂಡೆ. ನನ್ನದು ಉಷ್ಣದ ಪ್ರಯೋಗಾಲಯ. ಶಾಖ ಹೇಗೆ ಹರಿಯುತ್ತದೆ, ಕಬ್ಬಿಣ ಹೇಗೆ ಕಾಯುತ್ತದೆ, ನೀರು ಹೇಗೆ ಆರುತ್ತದೆ ಎಂಬುದನ್ನು ಹುಡುಗರು ಅಳೆದು ನೋಡುವ ಜಾಗ. ಇಂಥ ಕೆಲಸಕ್ಕೆ ಈಗ ಹೊಸದಾಗಿ ಸೇರುವವರು ಇದನ್ನು ಓದಲಿ ಎಂಬುದು ನನ್ನ ಆಸೆ. ಮೊದಲು ಕೆಲಸದ ಸಂಗತಿ ಹೇಳಿ, ಆಮೇಲೆ ನನ್ನ ತಪ್ಪಿಗೆ ಬರುತ್ತೇನೆ. ನೇರವಾಗಿ ಅಲ್ಲಿಗೇ ಹೋಗಲು ಇನ್ನೂ ಧೈರ್ಯ ಸಾಲದು.

ಅಟೆಂಡರ್ ಅಂದರೆ ಕಸ ಹೊಡೆಯುವವನು, ಕೀಲಿ ತೆಗೆಯುವವನು ಎಂದು ಜನ ತಿಳಿಯುತ್ತಾರೆ. ಅದೂ ಖರೆ. ಆದರೆ ಪ್ರತಿಯೊಂದು ಉಪಕರಣದ ಸ್ವಭಾವ ಗೊತ್ತಿರುವವನು ಅವನೊಬ್ಬನೇ. ಮೂಲೆಯ ನೀರು ಕುದಿಸುವ ಪಾತ್ರೆ ಮಳೆಗಾಲದಲ್ಲಿ ತಡ ಮಾಡುತ್ತದೆ. ಎರಡನೇ ಮೇಜಿನ ಮೀಟರಿನ ಮುಳ್ಳು ಬೆಳಿಗ್ಗೆ ಸ್ವಲ್ಪ ಬೆರಳು ತಾಗಿಸಿದರೆ ಮಾತ್ರ ಏಳುತ್ತದೆ. ಇವು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಮನೆಯಲ್ಲಿ ದನಗಳ ಸ್ವಭಾವ ತಿಳಿಯುವ ಹಾಗೆ ತಿಳಿಯುತ್ತಾ ಹೋಗುತ್ತದೆ.

ಸೇರಿದ ಮೊದಲ ತಿಂಗಳೇ ಒಂದು ಉಷ್ಣಮಾಪಕ ಕೈಜಾರಿ ಒಡೆಯಿತು. ಪಾದರಸ ಹನಿಹನಿಯಾಗಿ ಫರಸಿಯ ಮೇಲೆ ಓಡಿತು. ಹಿಡಿಯಹೋದರೆ ಒಂದು ಎರಡಾಗುತ್ತಿತ್ತು, ಎರಡು ನಾಲ್ಕಾಗುತ್ತಿತ್ತು. ಅಷ್ಟು ಚೆಂದದ ವಸ್ತುವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನೋಡುತ್ತ ಮಂಡಿಯೂರಿ ಕುಳಿತುಬಿಟ್ಟೆ. ಅಷ್ಟರಲ್ಲಿ ವಿಭಾಗದ ಮುಖ್ಯಸ್ಥರು ಬಂದರು. ನಾವು ಅವರನ್ನು ದೊಡ್ಡ ಸರ್ ಎನ್ನುತ್ತಿದ್ದೆವು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೆಲಸದಲ್ಲಿ ಬಲು ಶಿಸ್ತು.

"ಏನೋ ಈರಪ್ಪಾ, ಗೋಲಿ ಆಡಾಕ ಹತ್ತೀಯೇನು?" ಎಂದರು. ಹುಡುಗರೆಲ್ಲ ನಕ್ಕರು. ಆ ದಿನ ಮಧ್ಯಾಹ್ನದವರೆಗೆ ನನ್ನನ್ನು ಪಡಸಾಲೆಯಲ್ಲಿ ನಿಲ್ಲಿಸಿದರು, ಸಾಲಿ ಹುಡುಗನನ್ನು ನಿಲ್ಲಿಸಿದ ಹಾಗೆ. ಅಂದಿನಿಂದ ನಾನು ಕಲಿತದ್ದು ಉಷ್ಣಮಾಪಕವನ್ನು ಜೋಪಾನ ಹಿಡಿಯುವುದನ್ನಲ್ಲ. ಒಡೆದದ್ದನ್ನು ಯಾರೂ ನೋಡದ ಹಾಗೆ ಎತ್ತಿಡುವುದನ್ನು ಕಲಿತೆ.

ಇನ್ನೊಂದು ವಿದ್ಯೆ ಹುಡುಗರಿಂದ ಬಂತು. ಪ್ರಯೋಗ ಮಾಡಿ ಬಂದ ಉತ್ತರ ಪುಸ್ತಕದ ಉತ್ತರಕ್ಕೆ ಹತ್ತಿರ ಇರದಿದ್ದರೆ ದೊಡ್ಡ ಸರ್ ಸಹಿ ಹಾಕುತ್ತಿರಲಿಲ್ಲ. ಮತ್ತೆ ಮಾಡು ಎನ್ನುತ್ತಿದ್ದರು. ಮತ್ತೆ ಮಾಡಲು ಎರಡು ತಾಸು ಬೇಕು, ಐದಕ್ಕೆ ಗಜೇಂದ್ರಗಡದ ಬಸ್ಸು. ಹುಡುಗರು ನನ್ನ ಹತ್ತಿರ ಬರುತ್ತಿದ್ದರು.

"ಕಾಕಾ, ರೀಡಿಂಗ್ ಕೊಡ್ರೀಪಾ."

"ನೀವ ಮಾಡಿದ್ದು ಏನಾತೋ?"

"ನಾವು ಮಾಡಿದ್ರ ತಾಮ್ರ ಕಟ್ಟಿಗಿ ಆಗೇತ್ರಿ ಕಾಕಾ. ಶಾಖನ ಹರಿವಲ್ದು."

ನಾನು ಕಪಾಟಿನಿಂದ ಕೆಂಪು ರಟ್ಟಿನ ವಹಿ ತೆಗೆಯುತ್ತಿದ್ದೆ. ಯಾವ ಪ್ರಯೋಗಕ್ಕೆ ಯಾವ ಅಂಕಿ ಬರೆದರೆ ಉತ್ತರ ಸರಿಯಾಗಿ ಬರುತ್ತದೆ ಎಂದು ವರ್ಷಗಟ್ಟಲೆ ಕೂಡಿಟ್ಟ ವಹಿ ಅದು. "ಎಲ್ಲಾರೂ ಒಂದ ಬರೀಬ್ಯಾಡ್ರಿ, ಒಂದರ್ಧ ಡಿಗ್ರಿ ಆಕಡಿ ಈಕಡಿ ಮಾಡ್ರಿ, ಇಲ್ಲಂದ್ರ ಸರ್ ಹಿಡೀತಾರ" ಎಂದು ಎಚ್ಚರಿಕೆಯನ್ನೂ ಕೊಡುತ್ತಿದ್ದೆ. ಇದರಲ್ಲಿ ನನಗೆ ಪಾಪ ಕಾಣಲಿಲ್ಲ. ಬಸ್ಸು ತಪ್ಪುವ ಹುಡುಗರಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ದೊಡ್ಡ ಸರ್‌ಗೂ ಗೊತ್ತಿತ್ತು ಎಂದು ಈಗ ಅನಿಸುತ್ತದೆ. ಹೊರಗಿನವರು ಬಂದಾಗ ಅವರು ನನ್ನ ಬೆನ್ನು ತಟ್ಟಿ ಹೇಳುತ್ತಿದ್ದರು: "ನಮ್ಮ ಈರಪ್ಪನ ರೀಡಿಂಗ್ ಅಂದ್ರ ಬಂಗಾರ."

ಆ ಮಾತು ನನ್ನ ತಲೆಗೇರಿತ್ತು.

ಈಗ ಗಾಜಿನ ಚೌಕಟ್ಟಿನ ಸಂಗತಿ.

ದೊಡ್ಡ ಸರ್ ಎಲ್ಲಿಯೋ ನೋಡಿ ಬಂದು ಹೇಳಿದರು: ನೀರು ಪಂಪಿಲ್ಲದೆ, ಮೋಟಾರಿಲ್ಲದೆ, ಮುಚ್ಚಿದ ಕೊಳವೆಯಲ್ಲಿ ತಾನೇ ಸುತ್ತಬೇಕು, ಅಂಥದ್ದೊಂದನ್ನು ನಾವೇ ಕಟ್ಟೋಣ. ಹುಬ್ಬಳ್ಳಿಯಿಂದ ಗಾಜಿನ ಕೊಳವೆಗಳು ಜೋಳದ ಕಣಿಕೆಯಲ್ಲಿ ಸುತ್ತಿಕೊಂಡು ಬಸ್ಸಿನ ಮೇಲೆ ಬಂದವು. ಒಂದೂ ಒಡೆದಿರಲಿಲ್ಲ. ಆ ಬೇಸಿಗೆಯೆಲ್ಲ ನಾನು ಅದನ್ನು ಕಟ್ಟಿದೆ. ಬಾಗಿಲ ಚೌಕಟ್ಟಿನ ಆಕಾರ, ಆಳೆತ್ತರ, ಎರಡು ಬದಿಗೆ ಕಂಬದ ಹಾಗೆ ನಿಂತ ಕೊಳವೆ. ಕೆಳಗಿನ ಅಡ್ಡ ಕೊಳವೆಗೆ ಹೀಟರಿನ ತಂತಿ ಸುತ್ತಿದೆ. ಮೇಲಿನ ಅಡ್ಡ ಕೊಳವೆಯ ಸುತ್ತ ಇನ್ನೊಂದು ದಪ್ಪ ಕೊಳವೆ. ಅದರಲ್ಲಿ ನಳದ ತಣ್ಣೀರು ಹರಿಯುತ್ತಿರಬೇಕು. ಕೆಳಗೆ ಕಾದ ನೀರು ಹಗುರಾಗಿ ಒಂದು ಕಂಬದಲ್ಲಿ ಏರುತ್ತದೆ, ಮೇಲೆ ಆರಿ ಭಾರವಾಗಿ ಇನ್ನೊಂದು ಕಂಬದಲ್ಲಿ ಇಳಿಯುತ್ತದೆ. ಇಷ್ಟೇ. ಮೂಲೆಗಳಲ್ಲಿ ನಾಲ್ಕು ಉಷ್ಣಮಾಪಕಗಳು. ಸೇರುವ ಕಡೆ ಸೈಕಲ್ ಟ್ಯೂಬಿನ ರಬ್ಬರು ಕತ್ತರಿಸಿ ಹಾಕಿದೆ. ತೂಗುಗುಂಡು ಬಿಟ್ಟು ಎರಡೂ ಕಂಬಗಳನ್ನು ಕೂದಲೆಳೆಯಷ್ಟೂ ಓರೆ ಇಲ್ಲದ ಹಾಗೆ ನಿಲ್ಲಿಸಿದೆ.

ನೀರು ಹರಿಯುವುದು ಕಾಣುವುದು ಹೇಗೆ? ಬಣ್ಣ ಹಾಕಿದರೆ ನಾಲ್ಕು ಸುತ್ತಿನಲ್ಲಿ ಎಲ್ಲ ಕಲಸಿಹೋಗುತ್ತಿತ್ತು. ನಾನು ಬಡಿಗನ ಹತ್ತಿರ ಬೇವಿನ ಕಟ್ಟಿಗೆಯ ಹೊಟ್ಟು ತಂದು, ಬಟ್ಟೆಯಲ್ಲಿ ಸೋಸಿ, ಎಂಟು ದಿನ ನೀರಲ್ಲಿ ನೆನೆಹಾಕಿದೆ. ಕೆಲವು ತೇಲಿದವು, ಕೆಲವು ತಳ ಸೇರಿದವು. ತೇಲದೆ, ಮುಳುಗದೆ ನಡುವೆ ನಿಂತವನ್ನಷ್ಟೇ ಆರಿಸಿ ಚೌಕಟ್ಟಿಗೆ ಬಿಟ್ಟೆ.

ಮೊದಲ ಸಲ ಹೀಟರ್ ಹಚ್ಚಿದ ದಿನ ಇನ್ನೂ ಕಣ್ಣಲ್ಲಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ಹೊಟ್ಟಿನ ಕಣಗಳು ಬೆಳಕಿನಲ್ಲಿ ಸುಮ್ಮನೆ ನಿಂತಿದ್ದವು. ಆಮೇಲೆ ಎಡಗಂಬದಲ್ಲಿ ಒಂದು ಕಣ ಅಲುಗಿತು. ಅದರ ಹಿಂದೆ ಇನ್ನೊಂದು. ಯಾರೋ ಕರೆದ ಹಾಗೆ ಎಲ್ಲವೂ ಎದ್ದು ನಿಧಾನವಾಗಿ ಮೇಲೆ ಹೊರಟವು, ಮೇಲೆ ತಿರುಗಿದವು, ಬಲಗಂಬದಲ್ಲಿ ಇಳಿದವು. ಸಣ್ಣವನಿದ್ದಾಗ ಸೂಡಿಯ ಹಳೆಯ ಹೊಂಡದ ಮೆಟ್ಟಿಲಲ್ಲಿ ಕುಳಿತು ನೀರಿನೊಳಗಿನ ಧೂಳು ಬಿಸಿಲಿನಲ್ಲಿ ಈಜುವುದನ್ನು ನೋಡುತ್ತಿದ್ದೆ. ಅದೇ ನೀರು, ಅದೇ ಬಿಸಿಲು ಗಾಜಿನೊಳಗೆ ಬಂದು ಕುಳಿತ ಹಾಗಿತ್ತು. ನನ್ನ ಕೈಯಿಂದ ಜೀವ ಇರುವಂಥದ್ದೊಂದು ಆಗಿದೆ ಎಂದು ಅನಿಸಿದ್ದು ಅದೊಂದೇ ಸಲ.

ಕಾಲೇಜಿನ ಪರಿಶೀಲನೆಗೆ ಬಂದ ತಂಡದವರಿಗೆ ದೊಡ್ಡ ಸರ್ ಅದನ್ನು ತೋರಿಸಿದರು. ಸಣ್ಣ ಶಾಖ, ಒಂದು ತಾಸಿನ ಆಟ. ನೀರು ಎಡಗಂಬದಲ್ಲಿ ಏರಿ ಬಲಗಂಬದಲ್ಲಿ ಇಳಿಯಿತು, ಗಾಣದೆತ್ತಿನ ಹಾಗೆ ಒಂದೇ ದಿಕ್ಕಿಗೆ. ಅವರು ಮೆಚ್ಚಿ ಬರೆದುಕೊಂಡು ಹೋದರು. ಅಂದಿನಿಂದ ಆ ಚೌಕಟ್ಟು ನಮ್ಮ ಕಾಲೇಜಿನ ಹೆಮ್ಮೆಯಾಯಿತು.

ಎರಡು ವರ್ಷದ ನಂತರ ಮೆಣಸಗಿಯಿಂದ ಒಬ್ಬ ಹೆಣ್ಣುಮಗಳು ಅತಿಥಿ ಉಪನ್ಯಾಸಕಿಯಾಗಿ ಬಂದರು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಹೊಳೆ ಬಂದಾಗ ಮನೆ ಕುಸಿದು, ಮನೆಯವರೆಲ್ಲ ತಗಡಿನ ಶೆಡ್ಡಿನಲ್ಲಿದ್ದರು. ತಂದೆ ತಾಯಿ ಇನ್ನೊಬ್ಬರ ಹೊಲದಲ್ಲಿ ದುಡಿಯುತ್ತಿದ್ದರು. ಈ ಹುಡುಗಿ ಶೆಡ್ಡಿನಲ್ಲಿ ಓದಿ ಇಂಜಿನಿಯರಿಂಗ್ ಮುಗಿಸಿ, ಮುಂದಿನ ಪದವಿಗೆ ಹೆಸರು ಹಚ್ಚಿ, ನಮ್ಮಲ್ಲಿ ಪಾಠ ಮಾಡುತ್ತಿದ್ದರು. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ, ಅವರು ನನ್ನನ್ನು ಕಾಕಾ ಎನ್ನುತ್ತಿದ್ದರು.

ಅವರ ಪದವಿಯ ಪ್ರಬಂಧಕ್ಕೆ ಆರಿಸಿಕೊಂಡದ್ದು ನನ್ನ ಚೌಕಟ್ಟನ್ನು. ಅದರ ಉದ್ದ, ಅಗಲ, ಕೊಳವೆಯ ಬಾಯಿ, ಹೀಟರಿನ ಶಕ್ತಿ ಎಲ್ಲವನ್ನೂ ಅಳೆದುಕೊಂಡು ಹೋಗಿ ಕಂಪ್ಯೂಟರಿನೊಳಗೆ ಇನ್ನೊಂದು ಚೌಕಟ್ಟು ಕಟ್ಟಿದರು. ಅದರಲ್ಲಿ ಗಾಜಿಲ್ಲ, ನೀರಿಲ್ಲ, ಬರೀ ಲೆಕ್ಕ. ಒಂದು ಲೆಕ್ಕ ಮುಗಿಯಲು ಬೆಳಗಿನಿಂದ ಮಧ್ಯಾಹ್ನದವರೆಗೆ ಬೇಕಾಗುತ್ತಿತ್ತು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಅವರು ಬೇಸರಪಡದೆ ಹೊರಗೆ ಬಂದು ಬುತ್ತಿ ಬಿಚ್ಚುತ್ತಿದ್ದರು. "ಬರ್ರಿ ಕಾಕಾ, ರೊಟ್ಟಿ ತಿನ್ನೂಣು. ನನ್ನ ನೀರು ಹರದು ಹರದು ಸತ್ತು ಹೋತು" ಎನ್ನುತ್ತಿದ್ದರು.

ಒಂದು ದಿನ ನನ್ನನ್ನು ಒಳಗೆ ಕರೆದು ಪರದೆ ತೋರಿಸಿದರು. ಒಂದು ಗೆರೆ ನಡುವಿನ ಅಡ್ಡಗೆರೆಯ ಮೇಲೆ ಕೆಳಗೆ ಓಡಾಡುತ್ತಿತ್ತು.

"ಕಾಕಾ, ಗೆರಿ ಮ್ಯಾಲಿದ್ರ ನೀರು ಎಡಗಡೆ ಏರತೈತಿ. ಕೆಳಗ ಬಂದ್ರ ಬಲಗಡೆ."

"ಹಂಗಂದ್ರ ನೀರು ಹೊಳ್ಳತೈತೇನ್ರಿ?"

"ಹೊಳ್ಳತೈತಿ ಅಂತ ಲೆಕ್ಕ ಹೇಳತೈತ್ರಿ. ಶಾಖ ಜಾಸ್ತಿ ಮಾಡಿದ್ರ ಸುಮ್ಮನಿರೂದಿಲ್ಲ. ಒಮ್ಮಿ ಹಿಂಗ, ಒಮ್ಮಿ ಹಂಗ. ನೀವ ಹೇಳ್ರಿ, ನಿಮ್ಮ ನೀರು ಹಂಗ ಮಾಡೀತು?"

ನನಗೆ ನಗು ಬಂತು. ನಾನು ಕಟ್ಟಿದ ಚೌಕಟ್ಟಿನಲ್ಲಿ ನೀರು ಹಿಂದಕ್ಕೆ ತಿರುಗುವುದೆಂದರೆ ನನ್ನ ಕೆಲಸದಲ್ಲಿ ಓರೆ ಇದೆ ಎಂದೇ ಅರ್ಥ ಎಂದು ತಿಳಿದೆ. "ನನ್ನ ನೀರು ಮರ್ಯಾದಸ್ತ ಐತ್ರಿ ಮೇಡಂ" ಎಂದೆ. ಅವರೂ ನಕ್ಕರು. ದೊಡ್ಡ ಸರ್ ಮಾತ್ರ ನಗಲಿಲ್ಲ. "ಪರಿಶೀಲನಾ ತಂಡಕ್ಕ ಒಂದ ದಿಕ್ಕಿಗೆ ಹರೀತೈತಿ ಅಂತ ಬರದು ಕೊಟ್ಟೇವಿ. ನಿನ್ನ ಲೆಕ್ಕದಾಗ ಎಲ್ಲೋ ತಪ್ಪೈತಿ, ಹುಡಿಕ್ಕೋ" ಎಂದರು. ಮೇಡಂ ಹದಿನೈದು ದಿನ ಹುಡುಕಿದರು. ತಪ್ಪು ಸಿಗಲಿಲ್ಲ.

ಉಳಿದದ್ದು ಒಂದೇ ದಾರಿ. ಚೌಕಟ್ಟಿಗೆ ಹೆಚ್ಚು ಶಾಖ ಕೊಟ್ಟು ಇಡೀ ದಿನ ನಡೆಸಿ ನೋಡಬೇಕು. ಆ ವರ್ಷ ಒಂದು ಕಾಯಂ ಹುದ್ದೆ ಖಾಲಿಯಾಗುತ್ತಿತ್ತು. ಪ್ರಬಂಧ ಪಾಸಾದರೆ ಅದು ಮೇಡಂಗೇ ಎಂದು ಆಡಳಿತದವರು ಮಾತು ಕೊಟ್ಟಿದ್ದರು. ಚೌಕಟ್ಟು ನಡೆಸಲು ಗೊತ್ತುಮಾಡಿದ ದಿನ ಮೇಡಂಗೆ ಬೆಳಗಿನಿಂದ ಸಂಜೆಯವರೆಗೆ ಪಾಠ, ಪರೀಕ್ಷೆಯ ಮೇಲ್ವಿಚಾರಣೆ. ರಜೆ ಕೇಳಿದರೆ ದೊಡ್ಡ ಸರ್ ಕೊಡಲಿಲ್ಲ.

"ಕಾಕಾ, ನೀವ ಕುಂದರ್ರಿ. ಐದ ಐದ ನಿಮಿಷಕ್ಕ ನಾಲ್ಕೂ ಉಷ್ಣಮಾಪಕ ನೋಡಿ ಬರೀರಿ. ನೀರು ಏನ ಮಾಡತೈತಿ ಅದನ್ನಷ್ಟ ಬರೀರಿ" ಎಂದು ಹೇಳಿ ಹೋದರು.

ಆರು ತಾಸು. ಹಾಳೆಯಲ್ಲಿ ಗೆರೆ ಹಾಕಿಕೊಂಡು ಸ್ಟೂಲಿನ ಮೇಲೆ ಕುಳಿತೆ. ಚೈತ್ರದ ಬಿಸಿಲು. ಕಿಟಕಿಯ ಗಾಜಿಗೆ ಬಳಿದ ನೀಲಿ ಬಣ್ಣದಿಂದ ಇಡೀ ಕೋಣೆ ನೀರಿನೊಳಗೆ ಇದ್ದ ಹಾಗಿತ್ತು. ಮೇಲಿನ ಕೊಳವೆಯಿಂದ ತಣ್ಣೀರು ಬಕೆಟ್ಟಿಗೆ ತೊಟ್ಟಿಕ್ಕುವ ಸದ್ದು. ಹೊರಗೆ ಬೇವಿನ ಗಿಡದಲ್ಲಿ ಒಂದು ಹಕ್ಕಿ ಒಂದೇ ರಾಗ ಹಿಡಿದಿತ್ತು. ಕಣಗಳು ಎಡಗಂಬದಲ್ಲಿ ಏರುತ್ತಿದ್ದವು, ಬಲಗಂಬದಲ್ಲಿ ಇಳಿಯುತ್ತಿದ್ದವು. ನೋಡುತ್ತ ನೋಡುತ್ತ ನಾನು ಕುಳಿತಿದ್ದೇನೋ, ನಾನೂ ಒಂದು ಕಣವಾಗಿ ಏರುತ್ತ ಇಳಿಯುತ್ತ ಇದ್ದೇನೋ ತಿಳಿಯದ ಹಾಗಾಯಿತು. ಸತ್ತುಹೋದ ನನ್ನ ಅವ್ವ ನೀರು ಸೇದುವ ಹಗ್ಗ ಕಂಡಿತು. ಬಾವಿಯ ಗಡಗಡೆ ತಿರುಗಿದ್ದು ಕೇಳಿಸಿತು. ಆದರೂ ಐದು ನಿಮಿಷಕ್ಕೊಮ್ಮೆ ಕೈ ತಾನಾಗಿ ಬರೆಯುತ್ತಿತ್ತು.

ಎರಡು ತಾಸು ಕಳೆದ ಮೇಲೆ ಕಣಗಳ ನಡಿಗೆ ಸಮವಾಗಿರಲಿಲ್ಲ. ಒಮ್ಮೆ ಓಡುತ್ತಿದ್ದವು, ಒಮ್ಮೆ ತಡವರಿಸುತ್ತಿದ್ದವು. ಮೇಲೆ ಹೋದ ನೀರು ಪೂರ್ತಿ ಆರದೆ ಬಿಸಿಯಾಗಿಯೇ ಬಲಗಂಬಕ್ಕೆ ಬಂದು, ಇಳಿಯಲು ಮನಸ್ಸಿಲ್ಲದೆ ನಿಲ್ಲುತ್ತಿತ್ತು. ಆಮೇಲೆ ಎಲ್ಲ ಕಣಗಳೂ ನಿಂತುಬಿಟ್ಟವು. ಅಂಥ ನಿಶ್ಶಬ್ದವನ್ನು ನಾನು ಮತ್ತೆ ಕೇಳಿಲ್ಲ. ತೊಟ್ಟಿಕ್ಕುವ ಸದ್ದೂ ಕಿವಿಗೆ ಬೀಳಲಿಲ್ಲ. ಕಣಗಳು ನಿಂತಲ್ಲೇ ನಡುಗಿದವು. ಮತ್ತೆ ಬಲಗಂಬದಲ್ಲಿ ಒಂದು ಕಣ ಮೇಲಕ್ಕೆ ಹೊರಟಿತು. ಅದರ ಹಿಂದೆ ಎಲ್ಲವೂ ಹೊರಟವು. ನೀರು ತಿರುಗಿತು.

ನಿದ್ದೆಗಣ್ಣು ಎಂದುಕೊಂಡೆ. ಎದ್ದು ಮುಖ ತೊಳೆದು ಬಂದೆ. ನೀರು ಬಲಗಡೆಯೇ ಏರುತ್ತಿತ್ತು. ಕರೆಂಟಿನ ದೋಷವೇ ಎಂದು ಮೀಟರ್ ನೋಡಿದೆ. ಮುಳ್ಳು ಅಲುಗಿರಲಿಲ್ಲ. ಎಡಗಡೆಯ ಉಷ್ಣಮಾಪಕ ಇಳಿದಿತ್ತು, ಬಲಗಡೆಯದು ಏರಿತ್ತು. ಸಂಜೆಯೊಳಗೆ ನೀರು ಇನ್ನೂ ಎರಡು ಸಲ ತಿರುಗಿತು. ಹೇಳಿ ಕೇಳಿ ತಿರುಗಿದ್ದಲ್ಲ, ತನಗೆ ತಿಳಿದ ಹಾಗೆ.

ನನ್ನ ಮನಸ್ಸಿಗೆ ಬಂದದ್ದು ಒಂದೇ ಮಾತು: ಚೌಕಟ್ಟು ಓರೆಯಾಗಿದೆ. ತೂಗುಗುಂಡು ಎಲ್ಲೋ ತಪ್ಪಿದೆ. ಪಡಸಾಲೆಯಲ್ಲಿ ನಿಂತದ್ದು ನೆನಪಾಯಿತು. ಆ ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಂಡೆ. ಹೊಸ ಹಾಳೆಗೆ ಗೆರೆ ಹಾಕಿದೆ. ಮೊದಲ ಎರಡು ತಾಸಿನ ಅಂಕಿಗಳನ್ನು ಬರೆದು, ಮುಂದಿನ ನಾಲ್ಕು ತಾಸಿಗೂ ಅವನ್ನೇ ಅರ್ಧರ್ಧ ಡಿಗ್ರಿ ಆಕಡೆ ಈಕಡೆ ಮಾಡಿ ತುಂಬಿದೆ. ವರ್ಷಗಟ್ಟಲೆ ರೂಢಿಯಾದ ಕೈ. ಕಾಲು ತಾಸೂ ಹಿಡಿಯಲಿಲ್ಲ. ನೋಡಲು ಬಹಳ ಚೆಂದದ ಹಾಳೆ.

ಸಂಜೆ ಮೇಡಂ ಓಡುತ್ತ ಬಂದರು. ಹಾಳೆ ನೋಡಿದರು. ಅವರ ಮುಖ ಸಣ್ಣಗಾಯಿತು.

"ಒಂದ ಸಲನೂ ಹೊಳ್ಳಲಿಲ್ಲೇನ್ರಿ ಕಾಕಾ?"

"ಇಲ್ರಿ ಮೇಡಂ."

"ನಿಂತು ಗಿಂತು ಆತೇನ್ರಿ?"

"ಇಲ್ರಿ."

ಇಷ್ಟಕ್ಕೇ ನಿಂತಿದ್ದರೆ ಅಂಜಿಕೆಯಿಂದ ಆದ ತಪ್ಪು ಎಂದು ನನ್ನನ್ನು ನಾನು ಕ್ಷಮಿಸಿಕೊಳ್ಳುತ್ತಿದ್ದೆನೇನೋ. ಮರುದಿನ ಅವರು ಬಂದು, "ಭಾನುವಾರ ನಾನ ಬಂದು ಕುಂದರತೀನ್ರಿ, ಇನ್ನೊಂದ ಸಲ ನಡಸೂಣು" ಎಂದರು. ಅವರು ಕುಳಿತರೆ ನನ್ನ ಸುಳ್ಳು ಸಿಕ್ಕಿಬೀಳುತ್ತಿತ್ತು. ಶನಿವಾರ ಸಂಜೆ ಎಲ್ಲರೂ ಹೋದ ಮೇಲೆ ಚೌಕಟ್ಟಿನ ನೀರು ಖಾಲಿ ಮಾಡಿದೆ, ಹೀಟರಿನ ತಂತಿ ಬಿಚ್ಚಿದೆ, ಸುತ್ತಿ ನನ್ನ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಭಾನುವಾರ ಅವರು ಮೆಣಸಗಿಯಿಂದ ಮೊದಲ ಬಸ್ಸಿಗೆ ಬಂದರು. "ತಂತಿ ಸುಟ್ಟೇತ್ರಿ ಮೇಡಂ. ಹುಬ್ಬಳ್ಳಿಂದ ಬರಬೇಕು" ಎಂದೆ. ಒಂದು ತಿಂಗಳು ಹಾಗೆಯೇ ಹೇಳಿದೆ. ಪ್ರಬಂಧ ಒಪ್ಪಿಸುವ ದಿನ ದಾಟುವವರೆಗೆ. ಅವರು ಪ್ರತಿ ಸೋಮವಾರ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು: "ಬಂತೇನ್ರಿ ಕಾಕಾ?" ನಾನು ಕಪಾಟಿಗೆ ಬೆನ್ನು ಕೊಟ್ಟು ನಿಂತು ಇಲ್ಲ ಎನ್ನುತ್ತಿದ್ದೆ.

ಪರೀಕ್ಷಿಸಲು ಹೊರಗಿನಿಂದ ಒಬ್ಬ ವಯಸ್ಸಾದ ಪ್ರಾಧ್ಯಾಪಕರು ಬಂದರು. ಒಳ್ಳೆಯ ಮನುಷ್ಯ. ಮೇಜಿನ ಮೇಲೆ ಒಂದು ಕಡೆ ಮೇಡಂ ಅವರ ಗೆರೆ, ಇನ್ನೊಂದು ಕಡೆ ನನ್ನ ಹಾಳೆ. ಎರಡನ್ನೂ ಬಹಳ ಹೊತ್ತು ನೋಡಿದರು. ಮೇಡಂ ತಮ್ಮ ಲೆಕ್ಕವನ್ನು ಬಿಟ್ಟುಕೊಟ್ಟಿರಲಿಲ್ಲ. "ಇದು ತಿರುಗಬೇಕು ಸರ್" ಎಂದು ಮೆಲ್ಲಗೆ, ಆದರೆ ಗಟ್ಟಿಯಾಗಿ ಹೇಳಿದರು. ದೊಡ್ಡ ಸರ್ ನನ್ನನ್ನು ಕರೆಸಿದರು.

"ಈರಪ್ಪಾ, ಇಡೀ ದಿನಾ ಕುಂತು ನೋಡೀ. ಹೇಳು, ನೀರು ಹೊಳ್ಳಿತೇನು?"

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಮೇಡಂ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಂಶಯ ಇರಲಿಲ್ಲ. ನಾನು ಹೇಳಿದ್ದನ್ನು ನಂಬಲು ಅವರು ತಯಾರಾಗಿ ಕುಳಿತಿದ್ದರು. ಅದೇ ನನ್ನನ್ನು ಇಂದಿಗೂ ಸುಡುತ್ತದೆ.

"ಇಲ್ರಿ ಸರ್. ಒಂದ ದಿಕ್ಕಿಗೆ ಹರೀತ್ರಿ."

"ಲೆಕ್ಕ ಒಂದು ಹೇಳಿ ನೀರು ಒಂದು ಹೇಳಿದರೆ, ನಾವು ನೀರಿನ ಮಾತನ್ನೇ ಕೇಳಬೇಕಾಗುತ್ತದಮ್ಮಾ" ಎಂದರು ಆ ಹಿರಿಯರು. ನೀರಿನ ಮಾತು ನನ್ನ ಅಂಗಿಯ ಜೇಬಿನಲ್ಲಿ ಮಡಚಿದ ಹಾಳೆಯಲ್ಲಿತ್ತು. ಅದನ್ನು ಬೇರೆಡೆ ಇಡಲು ಅಂಜಿ ದಿನವೂ ಜೊತೆಯಲ್ಲೇ ಒಯ್ಯುತ್ತಿದ್ದೆ. ಅಂದು ಸಂಜೆ ಚಹದ ಒಲೆಗೆ ಹಾಕಿದೆ.

ಪ್ರಬಂಧ ಪಾಸಾಗಲಿಲ್ಲ. ಕಾಯಂ ಹುದ್ದೆಗೆ ಬೇರೆಯವರು ಬಂದರು. ಮುಂದಿನ ವರ್ಷ ಮೇಡಂ ಅವರನ್ನು ಕರೆಯಲಿಲ್ಲ. ಹೋಗುವ ದಿನ ಅವರು ನನ್ನ ಹತ್ತಿರ ಬಂದು, "ನಿಮಗ ಭಾಳ ತ್ರಾಸ ಕೊಟ್ಟೆ ಕಾಕಾ" ಎಂದು ಕೈಮುಗಿದರು. ನಾನು ಹೀಟರಿನ ತಂತಿಯನ್ನು ಮತ್ತೆ ಸುತ್ತುತ್ತಿದ್ದೆ.

ಕೆಲಸದ ರೀತಿ ಬದಲಾಗುತ್ತ ಹೋಯಿತು. ಪಾದರಸದ ಉಷ್ಣಮಾಪಕ ಹೋಗಿ ಅಂಕಿ ತೋರಿಸುವ ಪೆಟ್ಟಿಗೆ ಬಂತು. ಆಮೇಲೆ ಅಂಕಿಯನ್ನು ತಾನೇ ಬರೆದುಕೊಳ್ಳುವ ಯಂತ್ರ ಬಂತು. ದೊಡ್ಡ ಸರ್ ನಿವೃತ್ತರಾಗಿ ಹೋದರು. ನನ್ನ ಕೆಂಪು ವಹಿಯನ್ನು ಯಾರೂ ಕೇಳದಾದರು. ನನ್ನ ನಿವೃತ್ತಿಗೆ ಎರಡು ವರ್ಷ ಇರುವಾಗ ಗಜೇಂದ್ರಗಡದ ಒಬ್ಬ ಯುವಕ ಉಪನ್ಯಾಸಕನಾಗಿ ಬಂದ. ಹೊಸ ಸರ್. ಗುಡ್ಡದ ಮೇಲೆ ಗಾಳಿ ಪಂಕಗಳು ತಿರುಗುವ ಊರಿನವನು. ತಿರುಗುವುದು ಏನಿದ್ದರೂ ಅವನಿಗೆ ಪ್ರೀತಿ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಚೌಕಟ್ಟನ್ನು ಕಂಡು ಕುಣಿದಾಡಿದ.

ಹುಡುಗರನ್ನೆಲ್ಲ ಕೂಡಿಸಿ ಹೆಚ್ಚು ಶಾಖ ಕೊಟ್ಟ. ನಾನು ಬೇಡವೆನ್ನದೆ ಬಾಗಿಲ ಹತ್ತಿರ ಸರಿದು ನಿಂತೆ. ಎರಡು ತಾಸಿನ ಮೇಲೆ ಕಣಗಳು ತಡವರಿಸಿದವು, ನಿಂತವು, ತಿರುಗಿದವು. ಹುಡುಗರು ಚಪ್ಪಾಳೆ ಹೊಡೆದರು.

"ಕಾಕಾ, ಇದನ್ನ ಕಟ್ಟಿದವರು ನೀವೇನ್ರಿ? ಏನ ಚಲೋ ಕಟ್ಟೀರಿ!" ಎಂದ ಹೊಸ ಸರ್.

"ಹೊಳ್ಳಿ ಹರೀತಲ್ರಿ ಸರ್. ಓರೆ ಐತಿ."

"ಅಯ್ಯ, ಓರೆ ಇದ್ರ ಒಂದ ಕಡೆನ ಹರೀತಿತ್ರಿ! ಎರಡೂ ಕಂಬ ಸರೀ ಸಮ ಇದ್ದದ್ದಕ್ಕ ನೀರಿಗೆ ಎತ್ತಾಗ ಹೋಗಬೇಕು ತಿಳೀವಲ್ದು. ಇಷ್ಟು ಶಾಖಕ್ಕ ಇದು ಹೊಳ್ಳಾಕ ಬೇಕು. ಲೆಕ್ಕ ಹಂಗ ಹೇಳತೈತಿ."

ನಾನು ಹೊರಗೆ ಹೋಗಿ ನಳದ ಕೆಳಗೆ ತಲೆ ಹಿಡಿದೆ. ನೀರು ತಿರುಗಿದ್ದು ನನ್ನ ಕೆಲಸದ ಓರೆಯಿಂದಲ್ಲ, ನನ್ನ ಕೆಲಸದ ಒಳ್ಳೆಯತನದಿಂದ. ಅಂದು ಬಾಯಿಬಿಟ್ಟು ಹೇಳಿದ್ದರೆ ಆ ಹುಡುಗಿಯ ಲೆಕ್ಕವೂ ನನ್ನ ಕೈಯೂ ಒಟ್ಟಿಗೆ ಗೆಲ್ಲುತ್ತಿದ್ದವು. ಇಲ್ಲದ ತಪ್ಪನ್ನು ಮುಚ್ಚಲು ನಾನು ಅವರ ಬದುಕನ್ನು ಮುಚ್ಚಿದ್ದೆ.

ಇದು ತಿಳಿದ ಮೇಲಾದರೂ ಹೇಳಿದೆನೇ? ಕೇಳಿ. ನಿವೃತ್ತಿಯ ನಂತರ ಕಣ್ಣು ತೋರಿಸಲು ನರಗುಂದದ ದವಾಖಾನೆಗೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ಯಾರೋ, "ಕಾಕಾ, ಆರಾಮದೀರೇನ್ರಿ?" ಎಂದರು. ಮೇಡಂ. ಕೂದಲಲ್ಲಿ ಒಂದೆರಡು ಬಿಳಿ ಎಳೆ. ಅಲ್ಲಿಯೇ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರಂತೆ. ನನಗೆ ಕೂರಲು ಜಾಗ ಮಾಡಿಕೊಟ್ಟು ಚಹ ತರಿಸಿದರು.

"ಆ ಕಂಪ್ಯೂಟರ್ ಲೆಕ್ಕ ಬಿಟ್ರೇನ್ರಿ ಮೇಡಂ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಅದನ್ನ ಬಿಟ್ಟ ಎಷ್ಟೋ ವರ್ಷ ಆತ್ರಿ. ಪುಸ್ತಕದಾಗ ಇದ್ದದ್ದಷ್ಟ ಕಲಸ್ತೀನಿ. ನನ್ನ ಲೆಕ್ಕದ ಮ್ಯಾಲ ನನಗ ನಂಬಿಕಿ ಹೋಗೇತಿ." ಅವರು ಚಹದ ಲೋಟ ಕೆಳಗಿಟ್ಟರು. "ಖರೇ ಹೇಳ್ರಿ ಕಾಕಾ, ಆ ದಿನಾ ನೀರು ಒಮ್ಮಿನೂ ನಿಲ್ಲಲಿಲ್ಲ ಹೌದಿಲ್ರಿ? ಈಗೂ ಒಮ್ಮೊಮ್ಮಿ ಕನಸಿನ್ಯಾಗ ಹೊಳ್ಳತೈತಿ. ಎದ್ದ ಮ್ಯಾಲ ಅಂತೀನಿ, ಇಲ್ಲ, ಕಾಕಾ ನೋಡ್ಯಾರ, ಕಾಕಾ ಸುಳ್ಳ ಬರಿಯೂ ಮಂದಿ ಅಲ್ಲ."

ರೋಣದ ಬಸ್ಸು ಬಂತು. ಅವರೇ ನನ್ನ ಕೈಹಿಡಿದು ಹತ್ತಿಸಿದರು. ಕಿಟಕಿಯಿಂದ ಒಂದು ಮಾತು ಹೇಳಬಹುದಾಗಿತ್ತು. ಜಗತ್ತಿನಲ್ಲಿ ನನ್ನನ್ನು ಸತ್ಯವಂತ ಎಂದು ನಂಬಿದವರು ಅವರೊಬ್ಬರೇ. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಬಸ್ಸು ಹೊರಟಿತು. ಎರಡೂ ಬದಿಯ ಎರಿಹೊಲಗಳು ಹಿಂದಕ್ಕೆ ಹಿಂದಕ್ಕೆ ಹರಿದು ಹೋದವು. ಆಮೇಲೆ ಎರಡು ಸಲ ಆ ಶಾಲೆಯ ಗೇಟಿನವರೆಗೆ ಹೋಗಿ ತಿರುಗಿ ಬಂದಿದ್ದೇನೆ.

ಪ್ರಯೋಗಾಲಯಕ್ಕೆ ಸೇರುವ ಮಕ್ಕಳೇ, ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ನಾನು ಅಂದು ಬರೆಯದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ, ಅಷ್ಟೇ. ಇದು ಅಚ್ಚಾದ ದಿನ ಮೇಡಂ ಓದಬಹುದು, ಓದದೆಯೂ ಇರಬಹುದು.

ಹೀಟರ್ ಹಚ್ಚಿ ಎರಡು ತಾಸು ಹತ್ತು ನಿಮಿಷಕ್ಕೆ ನೀರು ನಿಂತಿತು. ಆಮೇಲೆ ಬಲಗಂಬದಲ್ಲಿ ಏರಿತು. ಸಂಜೆಯೊಳಗೆ ಮತ್ತೆ ಎರಡು ಸಲ ತಿರುಗಿತು. ಕರೆಂಟು ಸರಿಯಿತ್ತು. ಚೌಕಟ್ಟು ನೆಟ್ಟಗಿತ್ತು. ತಂತಿ ಸುಟ್ಟಿರಲಿಲ್ಲ. ನೋಡಿದವನು ನಾನು, ಈರಪ್ಪ. ಲೆಕ್ಕ ಸರಿಯಿತ್ತು. ಲೆಕ್ಕ ಮಾಡಿದವರು ಮೆಣಸಗಿಯ ಕಸ್ತೂರೆವ್ವ ಹನಮಪ್ಪ ವಾಲೀಕಾರ.